ನೆಲಮಾಳಿಗೆಯ ಬಾಟ್ಲಿ, ನಮ್ಮ ಅಟ್ಟದ ಭರಣಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ತಿಂಗಳ ಹಿಂದೆ ಇದೇ ಪತ್ರಿಕೆಯಲ್ಲಿ ಉತ್ತರ ಯುರೋಪಿನ ಎಸ್ಟೋನಿಯಾ ದೇಶದ ಬಗ್ಗೆ ಒಂದು ಲೇಖನ ಬರೆದಿದ್ದೆ. ನಮ್ಮನೆಯವರ ಕೆಲಸದ ಬೆನ್ನಿಗೆ ಹೋಗಿ 2012ರಿಂದ 2023ರವರೆಗೆ ಅಲ್ಲಿನ ರಾಜಧಾನಿ ಟಾಲಿನ್‌ನಲ್ಲಿ ಇದ್ದವಳು ನಾನು. ಒಂದು ಲ್ಯಾಬ್‌ನಲ್ಲಿ ಗಾಜಿನ ಸಾಮಾನು ತೊಳೆದು ಜೋಡಿಸುವ ಕೆಲಸ ಮಾಡುತ್ತಿದ್ದೆ. ಈಗ ಮೇಗರವಳ್ಳಿ ಹತ್ತಿರ ಮಾವನವರ ತೋಟ ನೋಡಿಕೊಂಡು ಇದ್ದೇವೆ. ಸುಮಾರು ಐವತ್ತು ವರ್ಷ ಸೋವಿಯತ್ ಕಮ್ಯುನಿಸ್ಟ್ ಆಡಳಿತದ ಕೆಳಗಿದ್ದ ಆ ಪುಟ್ಟ ದೇಶ ಹೇಗೆ ಗಟ್ಟಿಯಾಗಿ ನಿಂತಿತು ಅಂತ ಲೇಖನದ ಕೊನೆಗೆ ನಾಲ್ಕು ಸಾಲು ಬರೆದಿದ್ದೆ. ಆ ನಾಲ್ಕು ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಸಂಪಾದಕರು ಕಟ್ಟು ಕಳಿಸಿ, ‘ನೀವೇ ಹೊತ್ತಿಸಿದ್ದು, ನೀವೇ ಆರಿಸಿ’ ಅಂದರು.

ಶಿವಮೊಗ್ಗ ಜಿಲ್ಲೆಯಷ್ಟೂ ಜನರಿಲ್ಲದ ದೇಶ ಅಷ್ಟು ದೊಡ್ಡ ಸೋವಿಯತ್ ಒಕ್ಕೂಟದಿಂದ ಹಾಡು ಹೇಳಿಕೊಂಡು ಬಿಡಿಸಿಕೊಂಡಿತು ಅಂತ ಬರೆದಿದ್ದೀರಿ. ನಂಬೋದು ಹೇಗೆ? — ನಿವೃತ್ತ ಮೇಷ್ಟ್ರು, ಸಾಗರ

ಮೇಷ್ಟ್ರೇ, ಜನಸಂಖ್ಯೆಯ ಲೆಕ್ಕ ಸರಿ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಹದಿನೇಳೂವರೆ ಲಕ್ಷ ಜನ. ಅಲ್ಲಿ ಇಡೀ ದೇಶಕ್ಕೆ ಹದಿಮೂರು ಲಕ್ಷ ಚಿಲ್ಲರೆ. ಹಾಡಿನ ವಿಷಯದಲ್ಲಿ ನಾನು ಸ್ವಲ್ಪ ಅವಸರ ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಸೋವಿಯತ್ ನಾಯಕ ಗೊರ್ಬಚೇವ್ ಹಗ್ಗ ಸಡಿಲ ಬಿಟ್ಟಿದ್ದರು. ಸೋವಿಯತ್ ಖಜಾನೆ ಬರಿದಾಗಿತ್ತು. 1991ರ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಕೆಲವರು ಅಧಿಕಾರ ಕಿತ್ತುಕೊಳ್ಳಲು ಹೋಗಿ ಎಡವಿದರು. ಆ ಗಲಾಟೆಯ ನಡುವೆ ಆಗಸ್ಟ್ 20ರ ರಾತ್ರಿ ಎಸ್ಟೋನಿಯಾ ತನ್ನ ಸ್ವಾತಂತ್ರ್ಯವನ್ನು ಮತ್ತೆ ಸಾರಿತು. ಅದೃಷ್ಟವೂ ಇತ್ತು ಅನ್ನಿ.

ಆದರೆ ಬಾಗಿಲು ತೆರೆದಾಗ ಮನೆಯವರು ಎಚ್ಚರ ಇರಬೇಕಲ್ಲ? ಅಲ್ಲಿ ಹಾಡಿನ ಕೆಲಸ ಇತ್ತು. ಮೊದಲ ಹಾಡಿನ ಹಬ್ಬ ನಡೆದದ್ದು 1869ರಲ್ಲಿ, ಟಾರ್ಟು ಎಂಬ ಊರಲ್ಲಿ. ಈಗ ಐದು ವರ್ಷಕ್ಕೊಮ್ಮೆ ಟಾಲಿನ್‌ನಲ್ಲಿ ನಡೆಯುತ್ತದೆ. ಸೋವಿಯತ್ ಕಾಲದಲ್ಲೂ ಹಬ್ಬ ನಿಲ್ಲಲಿಲ್ಲ. ಲೆನಿನ್ ಹಾಡು, ಪಕ್ಷದ ಹಾಡು ಕಡ್ಡಾಯ ಮಾಡಿದ್ದರು, ಅಷ್ಟೇ. ಜನ ಅದನ್ನೂ ಹಾಡಿದರು. 1960ರ ಹಬ್ಬದಲ್ಲಿ, ಪಟ್ಟಿಯಲ್ಲಿ ಇಲ್ಲದ ತಮ್ಮ ನಾಡಿನ ಹಾಡೊಂದನ್ನು ಎಲ್ಲರೂ ಸೇರಿ ಹಾಡಿಬಿಟ್ಟರು. ಸಾವಿರಾರು ಜನ ಒಟ್ಟಿಗೆ ಹಾಡಿದರೆ ಯಾರನ್ನು ಅಂತ ಹಿಡಿಯೋದು?

ನಾವಿದ್ದದ್ದು ಮುಸ್ತಮಾಯೆ ಎಂಬ ಬಡಾವಣೆಯಲ್ಲಿ, ಸೋವಿಯತ್ ಕಾಲದ ಐದು ಮಹಡಿಯ ಕಾಂಕ್ರೀಟ್ ಕಟ್ಟಡದಲ್ಲಿ. ಮೇಲಿನ ಮನೆಯಲ್ಲಿ ಒಬ್ಬರು ಅಜ್ಜಿ ಒಂಟಿಯಾಗಿ ಇದ್ದರು. ನಾವು ಹೋದಾಗ ಅವರಿಗೆ ಎಪ್ಪತ್ತು. ಪ್ರತಿ ಮಂಗಳವಾರ ಸಂಜೆ ಆರಕ್ಕೆ ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದು ಕೇಳುತ್ತಿತ್ತು. ಹತ್ತಿರದ ಶಾಲೆಯಲ್ಲಿ ಹಾಡಿನ ಅಭ್ಯಾಸ. ಹೊರಗೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ, ನೆಲವೆಲ್ಲ ಗಾಜಿನಂಥ ಹಿಮ. ಆದರೂ ತಪ್ಪಿಸುತ್ತಿರಲಿಲ್ಲ. ‘ಇವತ್ತು ಬಿಡಿ ಅಜ್ಜಿ, ಜಾರಿ ಬಿದ್ದರೆ?’ ಅಂದರೆ, ‘ಎರಡನೇ ದನಿಯಲ್ಲಿ ನಾವು ಐದೇ ಜನ’ ಅನ್ನುತ್ತಿದ್ದರು. ಹಾಡಿಕೊಂಡೇ ನಡೆದ ಆ ಸ್ವಾತಂತ್ರ್ಯ ಚಳವಳಿಗೆ ‘ಹಾಡುವ ಕ್ರಾಂತಿ’ ಅಂತ ಹೆಸರಿದೆ. ನಾನು ನೋಡಿದ್ದು ಬರೀ ಮಂಗಳವಾರಗಳನ್ನು. ನಮ್ಮ ಕಡೆ ತಾಳಮದ್ದಳೆ ಕೂಟ ಉಳಿಸಿಕೊಂಡಿರುವ ಊರಿನವರಿಗೆ ನಾನು ಹೇಳೋದು ಅರ್ಥ ಆಗುತ್ತದೆ.

1989ರ ಆಗಸ್ಟ್ 23ರ ವಿಷಯ ನೀವು ಬೇರೆಯಾಗಿ ಕೇಳಿದ್ದೀರಿ. ಐವತ್ತು ವರ್ಷ ಹಿಂದೆ ಅದೇ ದಿನ ಹಿಟ್ಲರ್ ಮತ್ತು ಸ್ಟಾಲಿನ್ ಸರ್ಕಾರಗಳು ಒಪ್ಪಂದ ಮಾಡಿಕೊಂಡು, ಗುಟ್ಟಾಗಿ ಈ ದೇಶಗಳನ್ನು ಹಂಚಿಕೊಂಡಿದ್ದವು. ಅದನ್ನು ನೆನಪಿಸಲು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾದ ಸುಮಾರು ಇಪ್ಪತ್ತು ಲಕ್ಷ ಜನ ಕೈ ಕೈ ಹಿಡಿದು ನಿಂತರು. ಸಾಲಿನ ಉದ್ದ 600 ಕಿಲೋಮೀಟರಿಗೂ ಜಾಸ್ತಿ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದಷ್ಟು ದೂರ! ಅಜ್ಜಿಗೆ ಆ ದಿನದ ಬಗ್ಗೆ ಕೇಳಿದರೆ ಸ್ವಾತಂತ್ರ್ಯದ ಮಾತೇ ಬರುತ್ತಿರಲಿಲ್ಲ. ಯಾವ ಬಸ್ಸು, ಯಾರು ಫ್ಲಾಸ್ಕ್ ತಂದಿದ್ದರು, ಎಲ್ಲಿ ಜನ ಕಡಿಮೆ ಅಂತ ರೇಡಿಯೋದಲ್ಲಿ ಹೇಗೆ ಹೇಳುತ್ತಿದ್ದರು, ಪಕ್ಕದವನ ಕೈ ಎಷ್ಟು ಬೆವರಿತ್ತು, ಬರೀ ಇದೇ.

ಅಲ್ಲಿಯವರು ನಗೋದೇ ಇಲ್ಲವಂತೆ, ಹೌದಾ? — ಗೃಹಿಣಿ, ಶಿವಮೊಗ್ಗ

ನಗುತ್ತಾರೆ. ನಮ್ಮ ಮನೆಯ ವಿಷಯದಲ್ಲಿ ಮೂರನೇ ವರ್ಷದಿಂದ ಶುರು ಮಾಡಿದರು.

ಅವರ ಅಡುಗೆಮನೆ ನಮ್ಮ ಮಳೆಗಾಲದ ಅಡುಗೆಮನೆ ಹಾಗೇ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿರಿ. ಬಿಡಿಸಿ ಹೇಳಿ. — ಗೃಹಿಣಿ, ತೀರ್ಥಹಳ್ಳಿ

ಈ ಪತ್ರ ಓದಿ ಖುಷಿ ಆಯಿತು. ನನಗೂ ಇದೇ ಹೇಳಬೇಕಿತ್ತು, ಜಾಗ ಸಾಲಲಿಲ್ಲ.

ಆ ಕಟ್ಟಡದ ಕೆಳಗೆ ನೆಲಮಾಳಿಗೆ. ಒಂದೊಂದು ಮನೆಗೆ ಹಲಗೆ ಹೊಡೆದು ಮಾಡಿದ ಒಂದೊಂದು ಗೂಡು, ಬೀಗ ಹಾಕಿಕೊಳ್ಳಬಹುದು. ಮೊದಲ ಚಳಿಗಾಲದಲ್ಲಿ ಅಜ್ಜಿ ನನ್ನನ್ನು ತಮ್ಮ ಗೂಡಿಗೆ ಕರೆದುಕೊಂಡು ಹೋದರು. ಟಾರ್ಚ್ ಬಿಟ್ಟು ನೋಡಿದರೆ ಸಾಲು ಸಾಲು ಗಾಜಿನ ಬಾಟ್ಲಿ. ಉಪ್ಪುನೀರಿನ ಸೌತೆಕಾಯಿ, ಹುಳಿ ಬರಿಸಿದ ಎಲೆಕೋಸು, ಕಾಡಿನ ಹಣ್ಣಿನ ಜಾಮು, ಅಣಬೆ, ಬೀಟ್‌ರೂಟು. ಮೂಲೆಯಲ್ಲಿ ಆಲೂಗಡ್ಡೆ ಪೆಟ್ಟಿಗೆ. ಪ್ರತಿ ಬಾಟ್ಲಿಗೂ ಚೀಟಿ, ಚೀಟಿಯ ಮೇಲೆ ವರ್ಷ. ನನಗೆ ಒಂದು ಕ್ಷಣ ಅತ್ತೆಯ ಅಟ್ಟಕ್ಕೆ ಹತ್ತಿದ ಹಾಗೇ ಆಯಿತು. ಹಲಸಿನ ಹಪ್ಪಳದ ಡಬ್ಬ, ಅಪ್ಪೆಮಿಡಿ ಭರಣಿ, ಒಣಗಿಸಿದ ವಾಟೆಹುಳಿ, ಬಾಳಕದ ಮೆಣಸು. ವ್ಯತ್ಯಾಸ ಏನೆಂದರೆ, ನಮ್ಮ ಅತ್ತೆ ಚೀಟಿ ಅಂಟಿಸುವುದಿಲ್ಲ. ಮೂಸಿ ನೋಡಿ ಯಾವ ವರ್ಷದ್ದು ಅಂತ ಹೇಳುತ್ತಾರೆ.

ಎರಡು ಪೇಟೆ ಬೀದಿ ದಾಟಿದರೆ ದೊಡ್ಡ ಸೂಪರ್ ಮಾರ್ಕೆಟ್ಟು. ಎಲ್ಲವೂ ಸಿಗುತ್ತದೆ. ಮತ್ಯಾಕೆ ಇಷ್ಟು ಕಷ್ಟ ಅಂತ ಕೇಳಿದೆ. ಅಜ್ಜಿ 1992ರ ಕಥೆ ಹೇಳಿದರು. ಆ ಚಳಿಗಾಲದಲ್ಲಿ ಅಂಗಡಿ ಖಾಲಿ, ಮನೆ ಬಿಸಿ ಮಾಡಲು ಎಣ್ಣೆ ಇಲ್ಲ. ಆ ವರ್ಷ ಬೆಲೆ ಹತ್ತು ಪಟ್ಟಿಗಿಂತ ಮೇಲೆ ಹೋಯಿತು. ಜೂನ್ 20ಕ್ಕೆ ರೂಬಲ್ ತೆಗೆದು ಸ್ವಂತ ನಾಣ್ಯ ಕ್ರೋನ್ ತಂದರು. ಹತ್ತು ರೂಬಲ್‌ಗೆ ಒಂದು ಕ್ರೋನ್. ಒಬ್ಬರಿಗೆ 1500 ರೂಬಲ್ ಮಾತ್ರ ಆ ದರದಲ್ಲಿ ಬದಲಾಯಿಸಿ ಕೊಡುತ್ತಿದ್ದರು. ಅಂದರೆ ಕೈಗೆ ಬಂದದ್ದು 150 ಕ್ರೋನ್. ಎಂಟು ಕ್ರೋನ್ ಒಂದು ಜರ್ಮನ್ ಮಾರ್ಕ್‌ಗೆ ಸಮ ಅಂತ ಗಂಟು ಹಾಕಿದ್ದರು. ಹಾಗೆ ಲೆಕ್ಕ ಹಾಕಿದರೆ ಹತ್ತೊಂಬತ್ತು ಮಾರ್ಕ್ ಕೂಡ ಇಲ್ಲ. ಐವತ್ತು ವರ್ಷದ ಹೆಂಗಸು, ಒಂದು ಪರ್ಸಿನಲ್ಲಿ ಹೊಸ ನೋಟು ಇಟ್ಟುಕೊಂಡು ಮನೆಗೆ ಬಂದು ನೆಲಮಾಳಿಗೆಗೆ ಇಳಿದು ಬಾಟ್ಲಿ ಎಣಿಸಿದರಂತೆ. ‘ನೋಟು ಚೆನ್ನಾಗಿತ್ತು. ಆದರೆ ಅವತ್ತು ಆಲೂಗಡ್ಡೆಯೇ ನನ್ನ ಬ್ಯಾಂಕು.’

ಅಲ್ಲಿ ಊಟ ಮಾಡುತ್ತಿರುವವರನ್ನು ಕಂಡರೆ ‘ಯಾಟ್ಕು ಲೇಯ್ಬಾ’ ಅನ್ನುತ್ತಾರೆ. ನಿನ್ನ ರೊಟ್ಟಿ ಮುಗಿಯದಿರಲಿ ಅಂತ ಅರ್ಥ. ರೈ ಎಂಬ ಧಾನ್ಯದ ಕಪ್ಪು ರೊಟ್ಟಿ ಅದು. ನೆಲಕ್ಕೆ ಬಿದ್ದರೆ ಎತ್ತಿ ಮುತ್ತು ಕೊಡಬೇಕು. ನಮ್ಮಲ್ಲಿ ಅನ್ನ ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ಹಾಗೆ.

ಈಗ ಸರ್ಕಾರವೇ ಹೇಳುತ್ತದೆ, ಪ್ರತಿ ಮನೆಯೂ ಒಂದು ವಾರ ಹೊರಗಿನ ಸಹಾಯ ಇಲ್ಲದೆ ಇರುವ ಹಾಗೆ ತಯಾರಿರಲಿ ಅಂತ. ನೀರು, ಊಟ, ಔಷಧಿ, ಬ್ಯಾಟರಿ ರೇಡಿಯೋ, ಚಿಲ್ಲರೆ ದುಡ್ಡು. ಅಲ್ಲಿನ ಹೆಂಗಸರ ಒಂದು ಸ್ವಯಂಸೇವಕ ಸಂಘ ಇದಕ್ಕೇ ಅಂತ ಮೊಬೈಲ್ ಆ್ಯಪ್ ಮಾಡಿದೆ. ನಾನು ಆ ಪಟ್ಟಿಯನ್ನು ಫೋನಿನಲ್ಲಿ ಅತ್ತೆಗೆ ಓದಿ ಹೇಳಿದೆ. ‘ಇದಕ್ಕೆ ಪಟ್ಟಿ ಬೇರೆ ಬೇಕಾ? ಆರಿದ್ರಾ ಮಳೆಗೆ ಮೊದಲು ಯಾರಾದರೂ ಮಾಡೋದೇ’ ಅಂದರು. ಕಟ್ಟಿಗೆ ಒಳಗೆ ಬಂತಾ, ದರಗು ಗುಡಿಸಿ ತಂದಾಯ್ತಾ, ಕಂಬಳಿ ಬಿಸಿಲಿಗೆ ಹಾಕಿದ್ದಾಯ್ತಾ, ಚಿಮಣಿಗೆ ಎಣ್ಣೆ ಇದೆಯಾ. ಮರ ಬಿದ್ದು ಲೈನ್ ಹೋದರೆ ಮೂರು ದಿನ ಕರೆಂಟಿಲ್ಲ, ನಾಲ್ಕನೇ ದಿನ ಟವರ್ ಸಹ ಸತ್ತಿರುತ್ತದೆ. ಆಗುಂಬೆ ಮಳೆಯ ಲೆಕ್ಕ ಹೇಳಿದಾಗ ಅಜ್ಜಿ ನಂಬಲಿಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ. ಟಾಲಿನ್‌ಗೆ ಬೀಳುವುದರ ಸುಮಾರು ಹತ್ತು ಪಟ್ಟು. ‘ಅಲ್ಲಿ ಮನುಷ್ಯರು ಇರುತ್ತಾರಾ?’ ಅಂತ ಕೇಳಿದರು. ಸೊನ್ನೆಗಿಂತ ಹದಿನೈದು ಕೆಳಗೆ ಹಾಡಲು ಹೋಗುವವರು ಕೇಳಿದ ಪ್ರಶ್ನೆ ಇದು!

ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ ನಿಂತಿದ್ದನ್ನು ಕಣ್ಣಾರೆ ಕಂಡವನು ನಾನು. ಅಲ್ಲೂ ದೊಡ್ಡ ದೊಡ್ಡ ಸರ್ಕಾರಿ ಕಾರ್ಖಾನೆ ಮುಚ್ಚಿರಬೇಕಲ್ಲ? ಆ ಕೆಲಸಗಾರರೂ ಹೀಗೇ ಗಟ್ಟಿಯಾಗಿ ನಿಂತರಾ? — ಓದುಗರು, ಭದ್ರಾವತಿ

ಇಲ್ಲ. ಎಲ್ಲರೂ ನಿಲ್ಲಲಿಲ್ಲ.

ರಷ್ಯಾ ಗಡಿಗೆ ತಾಗಿ ನಾರ್ವಾ ಅಂತ ಊರಿದೆ. ನದಿಯ ಈಚೆ ದಡದಲ್ಲಿ ಇವರ ಕೋಟೆ, ಆಚೆ ದಡದಲ್ಲಿ ರಷ್ಯಾದ ಕೋಟೆ. ಅಲ್ಲಿ ಕ್ರೀನ್‌ಹೋಲ್ಮ್ ಎಂಬ ಬಟ್ಟೆ ಗಿರಣಿ 1857ರಲ್ಲಿ ಶುರುವಾಗಿತ್ತು. ಸೋವಿಯತ್ ಕಾಲದಲ್ಲಿ ಹತ್ತು ಸಾವಿರಕ್ಕೂ ಮೇಲೆ ಜನ ಕೆಲಸಕ್ಕಿದ್ದರು. 2010ರಲ್ಲಿ ದಿವಾಳಿಯಾಯಿತು. ನಮ್ಮ ಲ್ಯಾಬ್‌ನಲ್ಲಿದ್ದ ಒಬ್ಬ ಹುಡುಗಿಯ ತಾಯಿ ಅಲ್ಲಿ ಇಪ್ಪತ್ತಾರು ವರ್ಷ ಮಗ್ಗ ನೋಡಿಕೊಂಡವರು. ಒಂದು ಬೇಸಿಗೆ ಅವರ ಮನೆಗೆ ಹೋಗಿದ್ದೆವು. ಕೆಂಪು ಇಟ್ಟಿಗೆಯ ಆ ಗಿರಣಿಯನ್ನು ಕಿಟಕಿಯಿಂದಲೇ ತೋರಿಸಿದರು. ಬಾಗಿಲವರೆಗೆ ಬರಲು ಒಪ್ಪಲಿಲ್ಲ. ಗಂಡ ಫಿನ್ಲೆಂಡಿಗೆ ಕಟ್ಟಡ ಕೆಲಸಕ್ಕೆ ಹೋದವರು ಮೊದಲು ದುಡ್ಡು ಕಳಿಸುತ್ತಿದ್ದರು, ಆಮೇಲೆ ಅದೂ ನಿಂತಿತು. ತಾಯಿ ಊರಾಚೆಯ ತುಂಡು ಜಾಗದಲ್ಲಿ ಆಲೂಗಡ್ಡೆ ಬೆಳೆದು, ಯಾರದೋ ಆಫೀಸು ಗುಡಿಸಿ ಮಗಳನ್ನು ಓದಿಸಿದರು.

ಇನ್ನೊಂದು ಮಾತಿದೆ. ನಾರ್ವಾದ ಬಹುಪಾಲು ಜನ ರಷ್ಯನ್ ಮಾತಾಡುವವರು. ಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟದ ಬೇರೆ ಕಡೆಗಳಿಂದ ಬಂದು ನೆಲೆಸಿದವರು, ಅವರ ಮಕ್ಕಳು. ಸ್ವಾತಂತ್ರ್ಯ ಬಂದ ಮೇಲೆ ಇವರಿಗೆ ತಾನಾಗಿಯೇ ಪೌರತ್ವ ಸಿಗಲಿಲ್ಲ. ಎಸ್ಟೋನಿಯನ್ ಭಾಷೆ ಕಲಿತು ಪರೀಕ್ಷೆ ಬರೆಯಬೇಕಿತ್ತು. ಆ ಭಾಷೆಗೆ ಹದಿನಾಲ್ಕು ವಿಭಕ್ತಿ, ನಾನೇ ಎರಡು ಸಲ ಫೇಲಾದವಳು. ಇವತ್ತಿಗೂ ಹತ್ತಾರು ಸಾವಿರ ಜನರ ಹತ್ತಿರ ಯಾವ ದೇಶದ ಪೌರತ್ವವೂ ಇಲ್ಲದವರಿಗೆ ಕೊಡುವ ಬೂದು ಬಣ್ಣದ ಪಾಸ್‌ಪೋರ್ಟ್ ಇದೆ.

2009ರಲ್ಲಿ ಆ ದೇಶದ ಒಟ್ಟು ಉತ್ಪನ್ನ ಒಂದೇ ವರ್ಷದಲ್ಲಿ ಶೇಕಡ 14ರಷ್ಟು ಕುಸಿಯಿತು. 2010ರ ಆರಂಭಕ್ಕೆ ಐದರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಕೆಲಸ ಇರಲಿಲ್ಲ. ಸರ್ಕಾರ ಸಂಬಳ ಕಡಿತ ಮಾಡಿತು, ಖರ್ಚು ಬಿಗಿ ಹಿಡಿಯಿತು. 2011ರ ಜನವರಿ 1ಕ್ಕೆ ಯೂರೋ ನೋಟು ಬಂತು. ಹೊರಗಿನವರೆಲ್ಲ ಭಲೇ ಅಂದರು. ಗೊಣಗದೆ ತಡೆದುಕೊಂಡರು ಅಂತ ಹೊಗಳಿದರು. ಗೊಣಗುವವರು ಹಡಗು ಹತ್ತಿ ಹೆಲ್ಸಿಂಕಿಗೆ ಹೋಗಿಬಿಟ್ಟಿದ್ದರಲ್ಲ, ಕೇಳಿಸೋದು ಹೇಗೆ? 1989ರಲ್ಲಿ ಅಲ್ಲಿ ಹದಿನೈದೂವರೆ ಲಕ್ಷಕ್ಕೂ ಮೇಲೆ ಜನ ಇದ್ದರು. ಮೇಲೆ ಮೇಷ್ಟ್ರಿಗೆ ಹೇಳಿದ ಸಂಖ್ಯೆ ನೋಡಿ. ನಮ್ಮ ಹಳ್ಳಿಗಳಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಇಬ್ಬರು ವಯಸ್ಸಾದವರು ಉಳಿದಿರುವುದನ್ನು ಯಾರಾದರೂ ಬಂದು ‘ಎಷ್ಟು ಗಟ್ಟಿ ಜನ’ ಅಂದರೆ ನಮಗೆ ಹೇಗೆ ಅನ್ನಿಸುತ್ತದೆ? ನಾರ್ವಾದ ಆ ತಾಯಿಯ ಮುಂದೆ ಆ ಪದ ನನ್ನ ಬಾಯಿಗೆ ಬರಲಿಲ್ಲ.

ಇಡೀ ದೇಶವೇ ಕಂಪ್ಯೂಟರ್ ಮೇಲೆ ನಿಂತಿದ್ದರೆ ಅದು ಇನ್ನೂ ದುರ್ಬಲ ಅಲ್ವಾ? — ಇಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಒಳ್ಳೆ ಪ್ರಶ್ನೆ. 2007ರ ಏಪ್ರಿಲ್ ಕೊನೆಯಲ್ಲಿ ಅವರಿಗೂ ಇದು ಅರ್ಥವಾಯಿತು. ಟಾಲಿನ್ ನಡುಪೇಟೆಯಲ್ಲಿದ್ದ ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯನ್ನು ಸ್ಥಳಾಂತರ ಮಾಡಿದರು. ಎರಡು ರಾತ್ರಿ ಬೀದಿ ಗಲಾಟೆ. ಅದರ ಜೊತೆಗೇ ಬ್ಯಾಂಕು, ಪತ್ರಿಕೆ, ಸರ್ಕಾರದ ವೆಬ್‌ಸೈಟುಗಳ ಮೇಲೆ ದಾಳಿ ಶುರುವಾಗಿ ವಾರಗಟ್ಟಲೆ ನಡೆಯಿತು. ಆದರೂ ಅವರು ಕಾಗದಕ್ಕೆ ವಾಪಸ್ ಹೋಗಲಿಲ್ಲ. ಕಂಪ್ಯೂಟರ್ ಬಲ್ಲವರ ಒಂದು ಸ್ವಯಂಸೇವಕ ದಳ ಕಟ್ಟಿಕೊಂಡರು. ಹಗಲು ಬ್ಯಾಂಕಿನಲ್ಲಿ ಕೆಲಸ, ಸಂಜೆ ಅಭ್ಯಾಸ. ಮುಖ್ಯ ದಾಖಲೆಗಳ ಪ್ರತಿಯನ್ನು ಲಕ್ಸೆಂಬರ್ಗ್ ದೇಶದಲ್ಲಿ ಇಟ್ಟಿದ್ದಾರೆ. ಅಡಿಕೆ ಮಾರಿದ ದುಡ್ಡನ್ನೆಲ್ಲ ಒಂದೇ ಕಡೆ ಇಡದ ಹಾಗೆ. 2023ರ ಚುನಾವಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಬಿದ್ದದ್ದು ಇಂಟರ್ನೆಟ್ಟಿನಲ್ಲೇ. ಇದಕ್ಕಿಂತ ಆಳಕ್ಕೆ ಹೋಗಲು ನಾನು ಆಳಲ್ಲ. ನಮ್ಮನೆಯವರನ್ನು ಕೇಳಿದರೆ ಮೂರು ಪುಟ ಹೇಳುತ್ತಾರೆ, ಸಂಪಾದಕರು ಹಾಕುವುದಿಲ್ಲ.

ನಮ್ಮಲ್ಲಿ ಮುಯ್ಯಾಳು ಪದ್ಧತಿ ಸತ್ತೇಹೋಯಿತು. ಅಲ್ಲಿ ಅಂಥದ್ದು ಏನಾದರೂ ಉಳಿದಿದೆಯಾ? — ಅಡಿಕೆ ಬೆಳೆಗಾರರು, ಕೊಪ್ಪ

ಇದೆ. ‘ತಲ್ಗುದ್’ ಅನ್ನುತ್ತಾರೆ. ಹಳ್ಳಿಯವರೆಲ್ಲ ಸೇರಿ ಒಬ್ಬರ ಕೆಲಸ ಮುಗಿಸಿಕೊಡುವುದು, ಅವರು ಊಟ ಹಾಕುವುದು. ಸೋವಿಯತ್‌ನವರು ಕಡ್ಡಾಯ ಶನಿವಾರದ ಕೆಲಸ ಮಾಡಿಸಿ ಆ ಪದ್ಧತಿಗೆ ಕೆಟ್ಟ ಹೆಸರು ತಂದಿದ್ದರು. 2008ರ ಮೇ 3ಕ್ಕೆ ಐವತ್ತು ಸಾವಿರ ಜನ ಒಂದೇ ದಿನ ಕಾಡುಮೇಡು ಸುತ್ತಿ, ಸುಮಾರು ಹತ್ತು ಸಾವಿರ ಟನ್ ಕಸ ಎತ್ತಿದರು. ಆಮೇಲೆ ಆ ಪದಕ್ಕೆ ಮತ್ತೆ ಜೀವ ಬಂತು.

ನಮ್ಮ ಕಟ್ಟಡದಲ್ಲೂ ವಸಂತಕ್ಕೊಂದು ದಿನ ಇತ್ತು. ಮೊದಲ ವರ್ಷ ಗೊತ್ತಿಲ್ಲದೆ ನಾವು ಸುಮ್ನೆ ಮನೆಯೊಳಗೇ ಇದ್ದೆವು. ಮಾರನೇ ದಿನ ಬಾಗಿಲಿಗೆ ಚೀಟಿ: ‘ನಿಮ್ಮ ಪಾಲಿನ ಎಲೆ ಇನ್ನೂ ಇದೆ.’ ಕಿಟಕಿಯಿಂದ ನೋಡಿದರೆ ಅಂಗಳವೆಲ್ಲ ಚೊಕ್ಕ, ಮಧ್ಯದಲ್ಲಿ ಒಂದು ಚೌಕ ಮಾತ್ರ ಹಾಗೇ ಬಿಟ್ಟಿದ್ದಾರೆ! ಇಬ್ಬರೂ ಹೋಗಿ ಗುಡಿಸಿದೆವು. ಇಡೀ ಕಟ್ಟಡ ಪರದೆ ಸರಿಸಿ ನೋಡುತ್ತಿತ್ತು. ಮುಂದಿನ ವರ್ಷ ಎಲ್ಲರಿಗಿಂತ ಮೊದಲು ಕೆಳಗಿಳಿದದ್ದು ನಾವೇ. ಕೊನೆಗೆ ಒಂದು ದೊಡ್ಡ ಪಾತ್ರೆ ಬಟಾಣಿ ಸಾರು. ನಿಮಗೆ ಒಂದು ಗುಟ್ಟು ಹೇಳುತ್ತೇನೆ, ಆ ಸಾರಿಲ್ಲದಿದ್ದರೆ ಅರ್ಧ ಜನ ಬರುತ್ತಿರಲಿಲ್ಲ. ನಮ್ಮಲ್ಲಿ ಮುಯ್ಯಾಳು ಸತ್ತದ್ದು ಸಂಬಳದ ಆಳು ಬಂದಿದ್ದಕ್ಕೋ, ಊಟ ಹಾಕುವ ಕೈ ಸೋತಿದ್ದಕ್ಕೋ, ನೀವೇ ಯೋಚಿಸಿ ಬರೆಯಿರಿ.

ನಮ್ಮ ಅಜ್ಜನ ಊರು ಲಿಂಗನಮಕ್ಕಿ ಹಿನ್ನೀರಿನ ತಳದಲ್ಲಿದೆ. ಅಪ್ಪ ಆ ಮಾತು ಎತ್ತುವುದೇ ಇಲ್ಲ. ಮರೆತರೆ ಗಟ್ಟಿಯಾಗುತ್ತೇವಾ, ನೆನಪಿಟ್ಟರೆ ಗಟ್ಟಿಯಾಗುತ್ತೇವಾ? — ಶಿಕ್ಷಕಿ, ಹೊಸನಗರ

ಇದಕ್ಕೆ ಉತ್ತರ ಬರೆಯಲು ನಾಲ್ಕು ದಿನ ತೆಗೆದುಕೊಂಡೆ.

1949ರ ಮಾರ್ಚ್ 25ರಿಂದ ನಾಲ್ಕೇ ದಿನದಲ್ಲಿ ಸೋವಿಯತ್‌ನವರು ಎಸ್ಟೋನಿಯಾದಿಂದ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನರನ್ನು ರೈಲು ಡಬ್ಬಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ರೈತರು ಹೆದರಿ ಸರ್ಕಾರಿ ಸಾಮೂಹಿಕ ಬೇಸಾಯಕ್ಕೆ ಸೇರಲಿ ಅನ್ನುವುದು ಒಂದು ಉದ್ದೇಶ. ನಮ್ಮ ಮೇಲಿನ ಮನೆಯ ಅಜ್ಜಿಗೆ ಆಗ ಏಳು ವರ್ಷ. ಹೊರಡಲು ಒಂದು ಗಂಟೆ ಕೊಟ್ಟರಂತೆ. ಅವರ ತಾಯಿ ಬಟ್ಟೆ ಬಿಟ್ಟು ಹೊಲಿಗೆ ಮಿಷನ್ ಹೊತ್ತುಕೊಂಡರು. ಎಂಟು ವರ್ಷ ಅಲ್ಲಿ ಅನ್ನ ಹಾಕಿದ್ದು ಆ ಮಿಷನ್ನೇ. 1957ರಲ್ಲಿ ವಾಪಸ್ ಬಂದರೆ ಮನೆಯಲ್ಲಿ ಬೇರೆಯವರಿದ್ದರು. ಅಜ್ಜಿಯ ತಾಯಿ ಸಾಯುವವರೆಗೆ ಈ ಮಾತು ಆಡಲಿಲ್ಲ. ನಿಮ್ಮ ತಂದೆಯ ಹಾಗೇ. ಆಡಿದರೆ ಮಕ್ಕಳ ಓದಿಗೆ ತೊಂದರೆ ಅನ್ನುವ ಭಯ ಬೇರೆ.

ಶರಾವತಿಯ ಮುಳುಗಡೆಗೂ ಇದಕ್ಕೂ ಸಮ ಹಾಕುವುದು ತಪ್ಪು. ಅಲ್ಲಿ ನಡೆದದ್ದು ಶಿಕ್ಷೆ. ಇಲ್ಲಿ ನಾಡಿಗೆ ಬೆಳಕು ಬೇಕು ಅಂದರು, 1964ಕ್ಕೆ ಅಣೆಕಟ್ಟು ಎದ್ದಿತು. ಆದರೆ ಬಿಟ್ಟು ಬಂದ ಮನೆಯ ಜಗಲಿ ಎರಡು ಕಡೆಯೂ ಒಂದೇ ಥರ ಕನಸಿಗೆ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ರಸ್ತೆ, ಮರದ ಬೊಡ್ಡೆ ಕಾಣಿಸುತ್ತವಲ್ಲ, ಒಮ್ಮೆ ಅಪ್ಪನನ್ನು ಕರೆದುಕೊಂಡು ಹೋಗಿ. ಏನೂ ಕೇಳಬೇಡಿ.

ಟಾಲಿನ್‌ನಲ್ಲಿ ಸಮುದ್ರದ ಪಕ್ಕ 2018ರಲ್ಲಿ ಕಮ್ಯುನಿಸ್ಟ್ ಆಡಳಿತಕ್ಕೆ ಬಲಿಯಾದವರ ಒಂದು ಸ್ಮಾರಕ ಆಯಿತು. ಎತ್ತರದ ಕಪ್ಪು ಗೋಡೆಗಳು, ಅದರ ಮೇಲೆ ಇಪ್ಪತ್ತೆರಡು ಸಾವಿರ ಹೆಸರು. ಅಜ್ಜಿ ತಮ್ಮ ಅಪ್ಪನ ಹೆಸರು ಹುಡುಕಿ ಬೆರಳಿಟ್ಟು ಓದಿದರು. ಅಳಲಿಲ್ಲ. ಅಕ್ಷರ ತಪ್ಪಿಲ್ಲದೆ ಬರೆದಿದ್ದಾರೆ ಅಂದರು. ನಮ್ಮ ಮುಳುಗಡೆಯ ಜನರದು ಇನ್ನೂ ಹಕ್ಕುಪತ್ರದ ಓಡಾಟವೇ ಮುಗಿದಿಲ್ಲ. ಹೆಸರು ಸರಿಯಾಗಿ ಬರೆದ ಒಂದು ಕಾಗದ ಕೈಗೆ ಬರುವ ಮೊದಲೇ ಮರೆತುಬಿಡಿ ಅಂತ ಅವರಿಗೆ ಹೇಳುವವಳು ನಾನಲ್ಲ.

ಆ ಅಜ್ಜಿ ಈಗ ಹೇಗಿದ್ದಾರೆ? — ಲೇಖನ ಓದಿದ ಮೂವರು ಕೇಳಿದ್ದಾರೆ

ಚೆನ್ನಾಗಿದ್ದಾರೆ. ಎಂಬತ್ತು ದಾಟಿದೆ. 2025ರ ಫೆಬ್ರವರಿ 8ಕ್ಕೆ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ದೇಶ ರಷ್ಯಾದ ವಿದ್ಯುತ್ ಜಾಲದಿಂದ ತಂತಿ ಬಿಡಿಸಿಕೊಂಡವು. ಮಾರನೇ ದಿನ ಯುರೋಪಿನ ಜಾಲಕ್ಕೆ ಸೇರಿದವು. ಕತ್ತಲಾಗಬಹುದು ಅಂತ ಅಜ್ಜಿ ಮೇಣದಬತ್ತಿ, ನೀರು ಎಲ್ಲ ತೆಗೆದಿಟ್ಟು ಕೂತಿದ್ದರಂತೆ. ‘ದೀಪ ಒಂದು ಸಲ ಕಣ್ಣು ಸಹ ಮಿಟುಕಿಸಲಿಲ್ಲ’ ಅಂತ ಫೋನಿನಲ್ಲಿ ಹೇಳಿದರು, ಸ್ವಲ್ಪ ಬೇಜಾರಿನಲ್ಲೇ. ಅದೇ ಹೊತ್ತಿಗೆ ನಾನಿಲ್ಲಿ ತೋಟದ ಪಂಪ್‌ಗೆ ತ್ರೀ ಫೇಸ್ ಕರೆಂಟು ಕಾಯುತ್ತಾ ಕೂತಿದ್ದೆ.

ನಾನು ಕಳೆದ ವರ್ಷ ಅವರಿಗೆ ಕಳಲೆಯ ಬಗ್ಗೆ ಹೇಳಿ ಕೆಟ್ಟೆ. ಎಳೇ ಬಿದಿರು, ಮೂರು ದಿನ ನೀರು ಬದಲಾಯಿಸಿ ನೆನೆಸಬೇಕು, ಉಪ್ಪಿನಲ್ಲಿ ಹಾಕಿದರೆ ವರ್ಷ ಇರುತ್ತದೆ ಅಂದೆ. ಈಗ ಪ್ರತಿ ಸಲ ಒಂದೇ ಪ್ರಶ್ನೆ, ಒಂದು ಲೀಟರ್ ಬಾಟ್ಲಿಗೆ ಉಪ್ಪು ಎಷ್ಟು ಗ್ರಾಂ? ಅತ್ತೆಯನ್ನು ಕೇಳಿದರೆ ಮುಷ್ಟಿ ತೋರಿಸುತ್ತಾರೆ. ಗ್ರಾಂ ಲೆಕ್ಕ ಗೊತ್ತಿದ್ದವರು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ.